ಹನ್ನೆರಡು ಚಮಚಗಳ ಔನೆ

ಔನೆ ಸಿವೋನೆನ್ ತನ್ನ ಅಡುಗೆಮನೆಗೆ ಬಾಗಿಲು ತಟ್ಟದೆ ಹೋದದ್ದನ್ನು ನಾನು ನೋಡಿಲ್ಲ. ಒಳಗೆ ಯಾರೂ ಇರುತ್ತಿರಲಿಲ್ಲ. ಗಂಡ ತೀರಿಕೊಂಡ ಮೇಲೆ ಆ ಮನೆಯಲ್ಲಿ ಉಳಿದವರು ಆಕೆ ಮತ್ತು ಮುಸ್ತಿ ಎಂಬ ಕಪ್ಪು ಬೆಕ್ಕು, ಇಬ್ಬರೇ. ಆದರೂ ಗುರುವಾರ ಬೆಳಿಗ್ಗೆ, ಹಿಟ್ಟು ನಾದಿ ಮುಗಿಸಿದ ಔನೆ ಏಪ್ರನ್ ಬಿಚ್ಚಿ ಗೂಟಕ್ಕೆ ತಗುಲಿಹಾಕಿ, ನಡುಮನೆಗೆ ಬಂದು, ಮೊಣಕಾಲಿನ ಕೆಳಗೂ ಇಳಿಬೀಳುವ ಒಂದು ಬಿಳಿಯ ಕೋಟು ತೊಟ್ಟು, ಗುಂಡಿಗಳನ್ನು ಕೆಳಗಿನಿಂದ ಮೇಲಕ್ಕೆ ಒಂದೊಂದಾಗಿ ಹಾಕಿಕೊಂಡು, ತಾನೇ ಈಗಷ್ಟೇ ಹೊರಬಂದ ಬಾಗಿಲನ್ನು ಬೆರಳ ಗೆಣ್ಣಿನಿಂದ ಎರಡು ಸಲ ತಟ್ಟುತ್ತಿದ್ದಳು.

"ಸಿವೋನೆನ್ ಅವರೇ, ತಪಾಸಣೆಗೆ ಬಂದಿದೀನಿ. ಒಳಗೆ ಬರ್ಲಾ?"

"ಬನ್ನಿ ಬನ್ನಿ. ಕಾಲೊರೆಸ್ಕೊಂಡು ಬನ್ನಿ."

ಎರಡೂ ಆಕೆಯದೇ ದನಿ. ಮೊದಲನೆಯದು ಗಂಟಲಿನ ತಳದಿಂದ ಎದ್ದು ಬರುವ ಸರಕಾರಿ ದನಿ, ಎರಡನೆಯದು ಮನೆಯೊಡತಿಯದು. ಒಳಗೆ ಹೋದ ಕೋಟಿನ ಔನೆ ಫ್ರಿಜ್ಜಿನ ಉಷ್ಣಮಾಪಕ ನೋಡಿ, ಕಿಟಕಿಯ ಪಟ್ಟಿಯ ಮೇಲೆ ಬೆರಳೆಳೆದು, ಸಿಂಕಿನ ಅಡಿಗೆ ಬಗ್ಗಿ, ಎಲ್ಲಾದರೂ ಒಂದು ಚಿಟಿಕೆ ಹಿಟ್ಟು ಕಂಡಿತೋ, "ಇದೇನಿದು ಸಿವೋನೆನ್ ಅವರೇ, ಈ ವಯಸ್ಸಲ್ಲಿ?" ಎಂದು ಗದರಿ, ಹೊರಬಂದು ಕೋಟು ಕಳಚಿ, ಮತ್ತೆ ಏಪ್ರನ್ ಕಟ್ಟಿ, ಬೈಸಿಕೊಂಡವಳ ಮೋರೆ ಹೊತ್ತು ಆ ಜಾಗವನ್ನು ಒರೆಸುತ್ತಿದ್ದಳು. ಒಂದು ಬೆಳಗಿನಲ್ಲಿ ಹೀಗೆ ನಾಲ್ಕು ಸಲ ವೇಷ ಬದಲಾಗುತ್ತಿತ್ತು.

ಇದನ್ನು ಹುಚ್ಚೆಂದವರಿದ್ದರು. ಆದರೆ ಆಕೆಯ ಹುಚ್ಚಿಗೆ ಕಾನೂನಿನ ಆಧಾರವಿತ್ತು. ಮನೆಯ ಒಲೆಯಲ್ಲಿ ಬೇಯಿಸಿದ್ದನ್ನು ಮಾರಹೊರಟವರಿಗೆ ನಮ್ಮಲ್ಲಿರುವ ಕಟ್ಟಳೆಗಳಲ್ಲಿ ಬಹುಪಾಲು ಯಾರಿಗೂ ತಿಳಿಯುವಂಥವು: ಕೈ ತೊಳೆ, ತಣ್ಣಗಿರಬೇಕಾದ್ದನ್ನು ತಣ್ಣಗಿಡು, ಕಾಯಿಲೆ ಬಿದ್ದರೆ ಒಲೆಯ ಹತ್ತಿರ ಸುಳಿಯಬೇಡ, ಏನೇನು ಹಾಕಿದ್ದೀಯೆಂದು ಚೀಟಿಯಲ್ಲಿ ಬರೆ. ಇವಕ್ಕೆಲ್ಲ ತಾಯಿಬೇರಿನಂಥ ಇನ್ನೊಂದಿದೆ, ಸ್ವಯಂನಿಗಾ ಎಂದು ಅದರ ಹೆಸರು. ಅಧಿಕಾರಿ ಎಂದೋ ಒಮ್ಮೆ ಬಂದು ಹೋಗುತ್ತಾನೆ. ಉಳಿದ ದಿನಗಳಲ್ಲಿ ನಿನ್ನ ಮೇಲೆ ನೀನೇ ಕಣ್ಣಿಟ್ಟಿರಬೇಕು, ಕಂಡದ್ದನ್ನು ಬರೆದಿಡಬೇಕು ಎಂಬುದು ಅದರ ತಾತ್ಪರ್ಯ. ಊರಿನಲ್ಲಿ ಜಾಮು ಮಾಡುವವರು, ಜೇನು ತುಂಬುವವರು ಅದನ್ನೊಂದು ಕಾಗದದ ಕೆಲಸವೆಂದು ಓದಿಕೊಂಡರು. ಔನೆ ಅಕ್ಷರಶಃ ಓದಿಕೊಂಡಳು. ಕಣ್ಣಿಡುವವಳೂ ಕಣ್ಣಿಗೆ ಬೀಳಬೇಕಾದವಳೂ ಒಂದೇ ಬಟ್ಟೆಯಲ್ಲಿದ್ದರೆ ನ್ಯಾಯ ಹೇಗಾದೀತು ಎಂಬುದು ಆಕೆಯ ತರ್ಕ. ಅದಕ್ಕಾಗಿ ಕೋಟು.

ಕೋಟು ಗಂಡ ತೌನೋನದು. ಊರಿನ ಹಾಲಿನ ಡೇರಿಯಲ್ಲಿ ಅವನು ಮೂವತ್ತೊಂದು ವರ್ಷ ಹಾಲು ಪರೀಕ್ಷಿಸುವ ಕೆಲಸದಲ್ಲಿದ್ದ. ಕ್ಯಾನಿನಿಂದ ಒಂದು ಗುಟುಕು ಬಾಯಿಗೆ ಹಾಕಿಕೊಂಡು, ಉಗುಳಿ, ತಂದವನ ಮುಖಕ್ಕೇ "ಹುಳಿ ತಿರುಗಿದೆ, ವಾಪಸ್ ತಗೊಂಡು ಹೋಗು" ಎನ್ನುತ್ತಿದ್ದ. ರೀಹಿವಾರಾ ಎಂಬ ನಮ್ಮ ಈ ಊರಿನಲ್ಲಿ ಇದ್ದದ್ದನ್ನು ಇದ್ದ ಹಾಗೆ ಹೇಳಲು ಸಂಬಳ ಪಡೆಯುತ್ತಿದ್ದವನು ಅವನೊಬ್ಬನೇ. ಅವನ ಅಂತ್ಯಕ್ರಿಯೆಗೆ ಬಂದವರಲ್ಲಿ ಅರ್ಧದಷ್ಟು ಜನ ಹೆಂಡತಿಯ ಮೇಲಿನ ಮರ್ಯಾದೆಗೆ ಬಂದಿದ್ದರು.

ಏಕೆಂದರೆ ಇಲ್ಲಿಯ ಮಾತಿನ ರೀತಿಯೇ ಬೇರೆ. ದೇಶದ ಪೂರ್ವದಂಚಿನ ನಮ್ಮ ಸೀಮೆಯವರು ಮಾತಿಗೆ ಬಡವರಲ್ಲ. ಹವೆ, ಮೀನು, ಮಂಡಿನೋವು, ಪಕ್ಕದ ಊರಿನವರ ಮೂರ್ಖತನ, ಇವುಗಳ ಮೇಲೆ ಕಾಫಿ ಆರುವವರೆಗೂ ಹರಟುತ್ತಾರೆ. ಆದರೆ ಎದುರಿನವನಿಗೆ ಕಹಿಯಾಗುವ ಒಂದು ಮಾತು ಬಂತೋ, ಎಲ್ಲವೂ ಅಡ್ಡಗೋಡೆಯ ಮೇಲೆ ದೀಪವಿಟ್ಟ ಹಾಗೆ. ಪಕ್ಕದ ಮನೆಗೆ ಬೆಂಕಿ ಬಿದ್ದರೂ "ನಿಮ್ಮ ಕಡೆ ಇವತ್ತು ಸ್ವಲ್ಪ ಬೆಳಕು ಜಾಸ್ತಿ ಅನ್ಸುತ್ತಪ್ಪ" ಎಂದು ಶುರುಮಾಡುವ ಜನ. ನಾನು ಈ ಊರಿಗೆ ಬಂದು ಹತ್ತೊಂಬತ್ತು ಚಳಿಗಾಲಗಳಾದವು. ಅಷ್ಟರಲ್ಲಿ ನನ್ನ ನಾಲಿಗೆಯೂ ಬಳುಕುವುದನ್ನು ಚೆನ್ನಾಗಿ ಕಲಿತಿತ್ತು.

ಔನೆಗೆ ಎಪ್ಪತ್ತೆಂಟು. ಕುಳ್ಳು ಮೈಕಟ್ಟು, ಒಲೆಯ ಝಳಕ್ಕೆ ಬೆಂದು ಬೆಂದು ಸದಾ ಕೆಂಪಾದ ಕೆನ್ನೆ, ಕಿವಿಯ ಹಿಂದೆ ಸಿಕ್ಕಿಸಿದ ಪೆನ್ಸಿಲ್. ವರ್ಷದ ಐದು ತಿಂಗಳು ಹಿಮದ ಮೇಲೆ ಕಾಲಿನಿಂದ ಒದ್ದು ಒದ್ದು ನೂಕುವ ಜಾರುಬಂಡಿಯಲ್ಲೇ ಆಕೆಯ ಓಡಾಟ. ಆ ಅಭ್ಯಾಸ ಮೈಗೆ ಹತ್ತಿ, ಜುಲೈ ತಿಂಗಳ ಬಿಸಿಲಿನಲ್ಲಿ ಒಣನೆಲದ ಮೇಲೆ ನಡೆಯುವಾಗಲೂ ಎಡಗಾಲು ಊರಿ ಬಲಗಾಲಿನಿಂದ ನೆಲವನ್ನು ಹಿಂದಕ್ಕೆ ಒದೆಯುತ್ತ, ಕಾಣದ ಬಂಡಿಯೊಂದನ್ನು ಮುಂದೆ ನೂಕುತ್ತ ಬರುತ್ತಿದ್ದಳು. ಆ ಹೆಜ್ಜೆಯ ಸದ್ದು ಕೇಳಿದರೆ ಸಾಕು, ಬರುತ್ತಿರುವುದು ಯಾರೆಂದು ಕಿಟಕಿಗೆ ಹೋಗಿ ನೋಡಬೇಕಾಗಿರಲಿಲ್ಲ.

ಆಕೆ ಮಾಡುತ್ತಿದ್ದದ್ದು ಒಂದೇ ತಿನಿಸು, ಪೀರಕ್ಕ. ರೈ ಎಂಬ ಧಾನ್ಯದ ಹಿಟ್ಟನ್ನು ಬೆಳಕು ಹಾಯುವಷ್ಟು ತೆಳ್ಳಗೆ ಲಟ್ಟಿಸಿ, ಹಾಲಿನಲ್ಲಿ ಬೇಯಿಸಿದ ಗಟ್ಟಿ ಅಕ್ಕಿಗಂಜಿಯನ್ನು ನಡುವೆ ಹರವಿ, ಅಂಚನ್ನು ಎರಡು ಬೆರಳಿನಲ್ಲಿ ಪುಟ್ಟ ಪುಟ್ಟ ನೆರಿಗೆ ಹಿಡಿದು, ಕೆಂಡದ ಒಲೆಯಲ್ಲಿ ಕೆಲವೇ ನಿಮಿಷ ಬೇಯಿಸಿ, ಬಿಸಿಯಿರುವಾಗಲೇ ಬೆಣ್ಣೆ ಸವರುವುದು. ಎಲ್ಲರ ಮನೆಯಲ್ಲೂ ಮಾಡುತ್ತಾರೆ, ಎಲ್ಲರ ಮನೆಯದೂ ಔನೆಯದರ ಮುಂದೆ ಸಪ್ಪೆ. ಗುಟ್ಟೇನೆಂದು ಕೇಳಿದರೆ "ಉಪ್ಪು" ಎನ್ನುತ್ತಿದ್ದಳು, ಅಷ್ಟೇ. ಗಂಜಿ ಬೆಂದ ಮೇಲೆ ಮುಷ್ಟಿಯಿಂದ ಉಪ್ಪು ಉದುರಿಸಿ, ರುಚಿ ನೋಡಿ, ಕಣ್ಣುಮುಚ್ಚಿ ಒಂದು ಕ್ಷಣ ಏನನ್ನೋ ಆಲಿಸುವವಳಂತೆ ನಿಂತು, ಮತ್ತೆರಡು ಹರಳು ಹಾಕುತ್ತಿದ್ದಳು. ತಕ್ಕಡಿಯನ್ನು ಎಂದೂ ಮುಟ್ಟಿದವಳಲ್ಲ. ಉಪ್ಪಿಗಿಂತ ರುಚಿಯಿಲ್ಲ ಎಂಬ ಮಾತಿನ ಅರ್ಥ ನನಗೆ ತಿಳಿದದ್ದು ಆ ಗಂಜಿಯಿಂದ.

ಎಪ್ಪತ್ತನೆಯ ವಯಸ್ಸಿನಲ್ಲಿ, ತೌನೋ ಹೋದ ವರ್ಷ, ಇದನ್ನು ಮಾರುತ್ತೇನೆಂದು ಆಕೆ ಪೇಟೆಯ ಆಹಾರ ತಪಾಸಣೆಯ ಕಚೇರಿಗೆ ಹೋದಳು. ವಾರಕ್ಕೊಂದು ದಿನ ನಾಲ್ಕಾರು ತಟ್ಟೆ ಬೇಯಿಸುವುದಕ್ಕೆ ಹೆಸರು ನೋಂದಾಯಿಸುವ ಅಗತ್ಯವೇ ಇಲ್ಲವೆಂದು ಅಲ್ಲಿದ್ದ ಹುಡುಗಿ ನಯವಾಗಿ ಹೇಳಿದಳಂತೆ.

"ಅಂದ್ರೆ ನನ್ನ ಅಡುಗೆಮನೆ ನಿಮ್ಮ ಕಣ್ಣಿಗೇ ಬೀಳಲ್ವಾ?" ಎಂದು ಔನೆ ಕುರ್ಚಿ ಎಳೆದುಕೊಂಡು ಕೂತಳು. "ಬೀಳೋವರೆಗೆ ಇಲ್ಲೇ ಇರ್ತೀನಿ, ಬುತ್ತಿ ತಂದಿದೀನಿ."

ಅರ್ಜಿ ತೆಗೆದುಕೊಳ್ಳಬೇಕಾಯಿತು. ಆಮೇಲೆ ಆಹಾರ ಮುಟ್ಟುವವರೆಲ್ಲ ಬರೆಯಬೇಕಾದ ಶುಚಿತ್ವದ ಪರೀಕ್ಷೆ. ನಲವತ್ತು ವಾಕ್ಯಗಳು, ಪ್ರತಿಯೊಂದಕ್ಕೂ ಸರಿ ಅಥವಾ ತಪ್ಪು ಎಂದು ಗುರುತು ಹಾಕಬೇಕು. ಹೊಟೇಲು ಕೆಲಸಕ್ಕೆ ಸೇರಲಿರುವ ಹದಿಹರೆಯದವರ ನಡುವೆ ಕೂತು ಬರೆದು ಮೂವತ್ತೊಂಬತ್ತು ಸರಿ ಮಾಡಿ ಬಂದಳು. ತಪ್ಪಿದ್ದು ಒಂದೇ: 'ಅಸ್ವಸ್ಥನಾದ ಕೆಲಸಗಾರ ಅದನ್ನು ಯಜಮಾನನಿಗೆ ತಿಳಿಸಬೇಕು.' ಔನೆ ತಪ್ಪು ಎಂದು ಗುರುತು ಹಾಕಿದ್ದಳು.

"ನನಗೆ ಯಜಮಾನ ಎಲ್ಲಿದಾನೆ? ಇದ್ದವನೂ ಹೋದ. ನಾನು ಯಾರಿಗೆ ಹೇಳ್ಲಿ?" ಎಂದು ಎಂಟು ವರ್ಷ ಆ ಒಂದು ಅಂಕಕ್ಕಾಗಿ ವಾದಿಸಿದಳು.

ಪರೀಕ್ಷೆಯ ಪಾಠದಿಂದ ಆಕೆ ಮನೆಗೆ ತಂದದ್ದು ಚಮಚಗಳ ನಿಯಮ. ರುಚಿ ನೋಡಿದ ಚಮಚವನ್ನು ಮತ್ತೆ ಪಾತ್ರೆಗೆ ಅದ್ದಬಾರದು. ಅರವತ್ತು ವರ್ಷ ಮರದ ಸೌಟಿನಿಂದಲೇ ನೆಕ್ಕಿ ನೋಡಿದವಳು ಅಂದಿನಿಂದ ಮದುವೆಯಲ್ಲಿ ಉಡುಗೊರೆ ಬಂದ ಹನ್ನೆರಡು ಬೆಳ್ಳಿಯ ಕಾಫಿ ಚಮಚಗಳನ್ನು ಒಂದು ಗಾಜಿನ ಲೋಟದಲ್ಲಿ ಒಲೆಯ ಪಕ್ಕ ನಿಲ್ಲಿಸಿದಳು. ಒಂದು ರುಚಿಗೆ ಒಂದು ಚಮಚ, ಹನ್ನೆರಡು ಮುಗಿದರೆ ಆ ದಿನದ ರುಚಿ ಮುಗಿಯಿತು.

ಇನ್ನು ಸ್ವಯಂನಿಗಾದ ಪುಸ್ತಕಗಳು: ನೀಲಿ ರಟ್ಟಿನ, ಚೌಕುಳಿ ಗೆರೆಯ ಶಾಲಾ ಪುಸ್ತಕಗಳು, ವರ್ಷಕ್ಕೊಂದು. ಅಧಿಕಾರಿಗಳು ಕೇಳುವುದು ಉಷ್ಣತೆ, ತಾರೀಖು, ತೊಳೆದ ವಿವರ. ಔನೆ ಕಂಡದ್ದನ್ನೆಲ್ಲ ಬರೆದಳು. 'ಫೆಬ್ರವರಿ 11. ಫ್ರಿಜ್ಜು ನಾಲ್ಕು ಡಿಗ್ರಿ. ಬೆಕ್ಕು ಹೊಸ್ತಿಲವರೆಗೆ ಬಂತು. ಒಳಗೆ ಕಾಲಿಡಲಿಲ್ಲ. ಒಳಗೆ ನೋಡಿತು.' 'ಮೇ 3. ನೆರಿಗೆ ಹಿಡಿಯುವಾಗ ಕೆಟ್ಟ ಯೋಚನೆ ಬಂತು, ನಾದಿನಿಯ ಬಗ್ಗೆ.' 'ಅಕ್ಟೋಬರ್ 20. ತೌನೋನ ಹುಟ್ಟಿದ ದಿನ. ಅಳು ಬಂತು. ಹಿಟ್ಟಿನಿಂದ ದೂರ ಹೋಗಿ ಅತ್ತೆ. ಕೈ ಮತ್ತು ಮುಖ ತೊಳೆದೆ. ಇಪ್ಪತ್ತು ನಿಮಿಷ ತಡ.' ಒಮ್ಮೆ ಓದಲು ಕೊಟ್ಟಾಗ ನಾನು ಆ ಸಾಲಿಗೆ ಬಂದು ಪುಸ್ತಕ ಮುಚ್ಚಿಟ್ಟೆ. ತನ್ನ ಬಗ್ಗೆ ಇಷ್ಟು ನಿಷ್ಠುರವಾಗಿ ಸತ್ಯ ಹೇಳಿಕೊಂಡವರನ್ನು ನಾನು ಬೇರೆ ಕಂಡಿಲ್ಲ.

ಆ ಪುಸ್ತಕಗಳನ್ನು ಒಂದಕ್ಷರ ಬಿಡದೆ ಓದಿದವನು ಇನ್ನೊಬ್ಬನಿದ್ದ, ಆಹಾರ ತಪಾಸಣೆಯ ವೇಸಾ ರಿಂತಲಾ. ಪಶ್ಚಿಮ ಕರಾವಳಿಯ ಬಯಲುಸೀಮೆಯವನು. ಅಲ್ಲಿಯವರಿಗೆ ಮಾತೆಂದರೆ ಮೊಳೆ ಹೊಡೆದ ಹಾಗೆ, ಕಡಿಮೆ ಮತ್ತು ನೇರ. ಎಂಟು ವರ್ಷದಲ್ಲಿ ಐದು ಸಲ ಬಂದಿದ್ದ. ಐದು ಸಲವೂ ಔನೆ ಕಾಫಿ ಕಾಸಿ, ಪೀರಕ್ಕಕ್ಕೆ ಬೆಣ್ಣೆ ಹಚ್ಚಿ, ಒಳ್ಳೆಯ ಬಟ್ಟಲುಗಳನ್ನೇ ಮೇಜಿನ ಮೇಲಿಟ್ಟಳು. ಐದು ಸಲವೂ ಅವನು ಕೈಮುಟ್ಟಲಿಲ್ಲ. ತಪಾಸಣೆಗೆ ಹೋದ ಮನೆಯಲ್ಲಿ ಏನನ್ನೂ ತೆಗೆದುಕೊಳ್ಳುವಂತಿಲ್ಲವೆಂಬುದು ಅವನು ತನಗೆ ಹಾಕಿಕೊಂಡ ಕಟ್ಟು. ಬೀರು ತೆಗೆದು ನೋಡಿ, ಪುಸ್ತಕ ಓದಿ, ಅಡುಗೆಮನೆ ಚೊಕ್ಕವಿದ್ದರೆ ಕೊಡುವ, ಬಾಗಿಲಿಗೆ ಅಂಟಿಸಬೇಕಾದ ನಗುಮುಖದ ಚಿತ್ರದ ಕಾಗದಕ್ಕೆ ಸಹಿ ಹಾಕಿ ಹೊರಡುತ್ತಿದ್ದ.

"ನನ್ನ ಮನೇಲಿ ಕಾಫಿ ಬೇಡ ಅಂದೋರು ಇಬ್ರೇ," ಎಂದು ಔನೆ ಊರಿಗೆಲ್ಲ ಹೇಳಿಕೊಂಡು ಬರುತ್ತಿದ್ದಳು. "ಒಬ್ಬ ಪಾದ್ರಿ, ಅವನಿಗೆ ಹೊಟ್ಟೆಹುಣ್ಣು. ಇನ್ನೊಬ್ಬ ಇವನು. ಇವನಿಗೇನು ಬಂದಿದೆಯೋ ದೇವರೇ ಬಲ್ಲ!"

ಹೋದ ಅಕ್ಟೋಬರಿನಲ್ಲಿ ಔನೆಗೆ ಜ್ವರ ಬಂತು. ನಿಯಮದಂತೆ ಎರಡು ವಾರ ಒಲೆ ಹೊತ್ತಿಸಲಿಲ್ಲ. ಪುಸ್ತಕದಲ್ಲಿ ಅದೂ ಇದೆ. ನವೆಂಬರಿನಲ್ಲಿ ಎದ್ದು ಬಂದಳು, ಶಾಲೆಯ ಪಕ್ಕದ ಕಾರು ನಿಲ್ಲಿಸುವ ಬಯಲಿನಲ್ಲಿ ಗುರುವಾರ ಸಂಜೆ ಐದೂವರೆಗೆ ಮೊದಲಿನಂತೆ ತನ್ನ ಮಡಚುವ ಮೇಜು ಹಾಕಿದಳು. ನಮ್ಮಲ್ಲಿ ಮನೆಯಡುಗೆಯವರು, ಕೋಳಿ ಸಾಕುವವರು, ಜೇನಿನವರು ಮೊದಲೇ ಹೇಳಿಟ್ಟವರಿಗೆ ಮಾಲು ಕೊಡುವುದು ಅಲ್ಲಿಯೇ. ಅರ್ಧ ಗಂಟೆಯ ಸಂತೆ. ಪೊಟ್ಟಣದ ಮೇಲೆ ಆಕೆಯ ಕೈಬರಹದ ಚೀಟಿ ಇತ್ತು, ಏನೇನು ಹಾಕಿದೆಯೆಂದು ತೂಕದ ಕ್ರಮದಲ್ಲಿ ಬರೆದು, ಮೈಗಾಗದವರು ಗಮನಿಸಲೆಂದು ರೈ ಮತ್ತು ಹಾಲಿನ ಅಡಿಗೆ ಕೆಂಪು ಪೆನ್ಸಿಲಿನಲ್ಲಿ ಎರಡು ಗೆರೆ ಎಳೆದದ್ದು. ಮನೆಗೆ ತಂದು ಒಂದು ತುತ್ತು ಕಚ್ಚಿದೆ. ಬಾಯಿ ಉರಿಯುವಷ್ಟು ಉಪ್ಪು.

ಒಂದು ಸಲ ಕೈ ತಪ್ಪಿರಬೇಕೆಂದುಕೊಂಡೆ. ಮುಂದಿನ ವಾರವೂ ಅಷ್ಟೇ, ಡಿಸೆಂಬರಿನಲ್ಲಿ ಇನ್ನಷ್ಟು. ಔನೆಯೋ, ಪ್ರಪಂಚವೇ ರುಚಿಗೆಟ್ಟಿತೆಂದು ದೂರುತ್ತಿದ್ದಳು. "ಈಗಿನ ಉಪ್ಪಿಗೆ ಮೊದಲಿನ ಜೋರಿಲ್ಲ ಕಣೋ, ಮುಷ್ಟಿಗಟ್ಟಲೆ ಹಾಕಿದ್ರೂ ಎಲ್ಲಿಗೋ ಹೋಗುತ್ತೆ," ಎಂದಳು ಒಮ್ಮೆ. ಕಾಫಿ ಪುಡಿಯವರು ಮೋಸ ಮಾಡುತ್ತಿದ್ದಾರೆ, ಬೆಣ್ಣೆಗೆ ವಾಸನೆಯೇ ಇಲ್ಲ ಎಂದೂ ಹೇಳಿದಳು. ಇಷ್ಟು ಕೇಳಿಯೂ ನನಗೆ ಅರ್ಥವಾಗಲಿಲ್ಲವೆಂದರೆ ಅದು ಸುಳ್ಳು. ಅರ್ಥವಾಗಿತ್ತು, ಜ್ವರ ಹೋಗುವಾಗ ಆಕೆಯ ಮೂಗನ್ನೂ ನಾಲಿಗೆಯನ್ನೂ ಜೊತೆಗೆ ಕೊಂಡೊಯ್ದಿತ್ತು. ಹೇಳಲು ನನಗೆ ಬಾಯಿ ಬರಲಿಲ್ಲ.

ಯಾರಿಗೂ ಬರಲಿಲ್ಲ. ಆ ಚಳಿಗಾಲದಲ್ಲಿ ಊರಿನ ಅಂಗಡಿಯಲ್ಲಿ ಪೀರಕ್ಕಕ್ಕೆ ಹಚ್ಚಿಕೊಳ್ಳಲು ಉಪ್ಪಿಲ್ಲದ ಬೆಣ್ಣೆ ಬಂದ ದಿನವೇ ಖಾಲಿಯಾಗುತ್ತಿತ್ತು. ಅಂಗಡಿಯ ಮಾರ್ಕೆತ್ತಾ ಕಾರಣ ಕೇಳಲಿಲ್ಲ, ಕೊಳ್ಳುವವರು ಹೇಳಲಿಲ್ಲ, ಸುಮ್ಮನೆ ಎರಡರಷ್ಟು ತರಿಸಿಟ್ಟಳು. ಮರ ಕಡಿಯುವ ಯಂತ್ರದ ಚಾಲಕ ರೇಯ್ನೋ ಎಂಬವನು, ಎಲ್ಲರಿಗಿಂತ ಧೈರ್ಯವಂತ, ಒಂದು ಗುರುವಾರ ಟೋಪಿ ಸರಿಮಾಡಿಕೊಳ್ಳುತ್ತ "ಔನೆ, ನಿನ್ನ ಪೀರಕ್ಕದ ಜೊತೆ ಈಗೀಗ ಹಾಲು ತುಂಬ ಚೆನ್ನಾಗಿ ಹೋಗುತ್ತೆ" ಎಂದ. ಔನೆ ಅದನ್ನು ಹೊಗಳಿಕೆಯೆಂದು ತೆಗೆದುಕೊಂಡು ಅವನಿಗೆ ಎರಡು ಹೆಚ್ಚಿಗೆ ಕೊಟ್ಟಳು. ನಾನು ನಡುವಿನ ಗಂಜಿಯನ್ನು ಕೆರೆದುಹಾಕಿ ಅಂಚನ್ನಷ್ಟೇ ತಿನ್ನತೊಡಗಿದೆ. ಒಬ್ಬರನ್ನೊಬ್ಬರು ಕೇಳದೆ, ಕಣ್ಸನ್ನೆಯನ್ನೂ ಮಾಡದೆ, ಇಡೀ ಊರು ಸೇರಿ ಒಬ್ಬ ಹೆಂಗಸಿಗೆ ನಾಲ್ಕು ತಿಂಗಳು ಸುಳ್ಳು ಹೇಳಿದೆವು. ಅದನ್ನು ಪ್ರೀತಿಯೆಂದೇ ತಿಳಿದಿದ್ದೆವು.

ಮಾರ್ಚ್ ತಿಂಗಳ ಒಂದು ಮಂಗಳವಾರ ರಿಂತಲಾ ಆರನೆಯ ತಪಾಸಣೆಗೆ ಬಂದ. ಕೊಳವೆ ಸೋರುತ್ತಿದ್ದುದನ್ನು ಸರಿಮಾಡಲೆಂದು ಹೋದ ನಾನೂ ಅಲ್ಲಿದ್ದೆ. ಎಲ್ಲವೂ ಎಂದಿನಂತೆ ಚೊಕ್ಕ. ಅವನು ನಗುಮುಖದ ಕಾಗದಕ್ಕೆ ಸಹಿ ಹಾಕುತ್ತಿದ್ದಾಗ, ಆರಿಹೋದ ಕಾಫಿಯನ್ನು ನೋಡಿ ಔನೆಗೆ ತಡೆಯಲಾಗಲಿಲ್ಲ.

"ಆರು ಸಲ ಆಯ್ತು ತಪಾಸಣೆಯೋರೇ. ಉತ್ತಮ ಅಂತ ಬರೀತೀರ. ಏನು ಉತ್ತಮ? ನನ್ನ ಸಿಂಕಾ? ಒಂದು ದಿನ ತಿಂದು ನೋಡಿದ್ರೆ ನಿಮ್ಮ ಸಹಿಗೆ ಒಂದು ಅರ್ಥ ಇರ್ತಿತ್ತು."

ರಿಂತಲಾನ ಕಿವಿ ಕೆಂಪಾಯಿತು. "ಗುರುವಾರ ನನಗೆ ಬಿಡುವಿದೆ," ಎಂದಷ್ಟೇ ಹೇಳಿ ಹೋದ.

ಗುರುವಾರ ಐದೂವರೆಗೆ ಬಯಲಿನಲ್ಲಿ ಇನ್ನೂ ಬೆಳಕಿತ್ತು, ಕಾಲಡಿಯ ಹಿಮ ಕರಗಿ ಪಿಚಪಿಚ ಎನ್ನುತ್ತಿತ್ತು. ಅಂಚಿನಲ್ಲಿ ನಿಂತ ಕಾರಿನಿಂದ ಉಣ್ಣೆಯ ಟೋಪಿಯ ರಿಂತಲಾ ಇಳಿದು ಬಂದು ಸಾಲಿನಲ್ಲಿ ನಿಂತ. ಮೊದಲೇ ಹೇಳಿಟ್ಟಿದ್ದನೆಂದು ಪಟ್ಟಿ ನೋಡಿದಾಗ ತಿಳಿಯಿತು. ಎಲ್ಲರಂತೆ ಕೊಂಡು, ನಾಲ್ಕು ಹೆಜ್ಜೆ ಪಕ್ಕಕ್ಕೆ ಸರಿದು, ಪೊಟ್ಟಣ ಬಿಚ್ಚಿ, ನಿಂತಲ್ಲೇ ಒಂದು ಪೀರಕ್ಕ ಕಚ್ಚಿದ. ಜೇನಿನವನು ಬಾಟಲಿ ಹಿಡಿದ ಕೈಯನ್ನು ಹಾಗೆಯೇ ಎತ್ತಿಹಿಡಿದಿದ್ದ. ರಿಂತಲಾ ನಿಧಾನವಾಗಿ ಅಗಿದ, ನುಂಗಿದ, ಕೊನೆಯ ಚೂರಿನವರೆಗೂ ತಿಂದು ಮುಗಿಸಿದ. ಆಮೇಲೆ ಪೊಟ್ಟಣದ ಚೀಟಿಯನ್ನು ಓದಿಕೊಂಡು ಮೇಜಿಗೆ ಬಂದ.

"ಸಿವೋನೆನ್ ಅವರೇ, ಈ ಚೀಟೀಲಿ ಒಂದು ಮಾತು ಬಿಟ್ಟುಹೋಗಿದೆ."

"ನನ್ನ ಚೀಟೀಲಾ?" ಔನೆ ಕಿವಿಯ ಪೆನ್ಸಿಲ್ ತೆಗೆದಳು. "ಯಾವ ಮಾತು?"

"ಉಪ್ಪು ಹೆಚ್ಚು ಅಂತ. ರೊಟ್ಟಿ ತಿಂಡೀಲಿ ಉಪ್ಪು ಇಂತಿಷ್ಟಕ್ಕಿಂತ ಮೀರಿದ್ರೆ ಚೀಟೀಲಿ ಅದನ್ನ ಬರೀಲೇಬೇಕು. ನಿಯಮ ಇದೆ. ನನ್ನ ನಾಲಿಗೆ ಏನೂ ಪ್ರಯೋಗಾಲಯ ಅಲ್ಲ. ಆದ್ರೂ ಮೀರಿದೆ. ತುಂಬಾನೇ ಮೀರಿದೆ."

ಔನೆ ನಕ್ಕಳು. ನಗುತ್ತಲೇ ಸಾಲಿನತ್ತ ತಿರುಗಿದಳು. "ಕೇಳಿದ್ರಾ ಇವನ ಮಾತ? ರೇಯ್ನೋ, ನೀನು ಹೇಳಪ್ಪ."

ರೇಯ್ನೋ ತನ್ನ ಬೂಟುಗಳನ್ನು ನೋಡಿದ. ಔನೆ ಮಾರ್ಕೆತ್ತಾಳತ್ತ ನೋಡಿದಳು. ಮಾರ್ಕೆತ್ತಾ ಕೈಗವಸು ಹುಡುಕತೊಡಗಿದಳು. ಕೊನೆಗೆ ನನ್ನತ್ತ.

"ನೀನು?"

"ಹಾಲಿನ ಜೊತೆ..." ಎಂದೆ.

ಆ ಮುಖದಿಂದ ನಗು ಇಳಿದುಹೋದದ್ದನ್ನು ನಾನು ನೋಡಿದೆ. ಕೆನ್ನೆಯ ಕೆಂಪೂ ಇಳಿಯಿತು. ಅದು ಒಲೆಯ ಬಣ್ಣವೆಂದೂ ಎಂದೆಂದಿಗೂ ಅಳಿಯದೆಂದೂ ನಾನು ಅಲ್ಲಿಯವರೆಗೆ ತಿಳಿದಿದ್ದೆ. "ಎಂದಿನಿಂದ?" ಎಂದು ಕೇಳಿದಳು, ಯಾರನ್ನೂ ಉದ್ದೇಶಿಸದೆ.

ಯಾರೋ ಹಿಂದಿನಿಂದ ಹೇಳಿದರು, "ನವೆಂಬರ್."

ಔನೆ ಮೇಜಿನ ಮೇಲಿದ್ದ ಪೊಟ್ಟಣಗಳನ್ನು ಒಂದೊಂದಾಗಿ ಪೆಟ್ಟಿಗೆಗೆ ತುಂಬಿದಳು. ಆಮೇಲೆ, ಗಂಟಲ ತಳದ ಆ ಸರಕಾರಿ ದನಿಯಲ್ಲಿ ಹೇಳಿದಳು: "ತಗೊಂಡಿರೋರೆಲ್ಲ ವಾಪಸ್ ಕೊಡಿ. ಇದು ಮಾರೋಕೆ ಯೋಗ್ಯ ಅಲ್ಲ." ಎಲ್ಲರೂ ಸಾಲಾಗಿ ಬಂದು ಕೊಟ್ಟೆವು. ಉಪ್ಪು ತಿಂದವನು ನೀರು ಕುಡಿಯಲೇಬೇಕು ಎನ್ನುತ್ತಾರೆ. ಅಂದು ಕಣ್ಣೆತ್ತದೆ ಆ ಪೆಟ್ಟಿಗೆಯಲ್ಲಿ ಪೊಟ್ಟಣವಿಟ್ಟು ಬಂದೆವಲ್ಲ, ಅದು ನಮ್ಮ ಪಾಲಿನ ನೀರು. ಪೆಟ್ಟಿಗೆಯನ್ನು ಬಂಡಿಯ ಮೇಲಿಟ್ಟು, ಕೆಸರು ಹಿಮದಲ್ಲಿ ಒದೆಯುತ್ತ ಒದೆಯುತ್ತ ಆಕೆ ಹೊರಟುಹೋದಳು.

ಎರಡು ಗುರುವಾರ ಮೇಜು ಬರಲಿಲ್ಲ. ಔನೆಯ ಹೊಗೆಗೊಳವೆಯಲ್ಲಿ ಹೊಗೆ ಕಾಣಲಿಲ್ಲ. ಇನ್ನು ಒಲೆ ಹೊತ್ತಿಸುವುದಿಲ್ಲವಂತೆ, ನೋಂದಣಿ ರದ್ದು ಮಾಡಿಸುತ್ತಾಳಂತೆ ಎಂದು ಮಾರ್ಕೆತ್ತಾ ಹೇಳಿದಳು. ಮೂರನೆಯ ವಾರ ನಾನು ಹೋದೆ. ಮೇಜಿನ ಮೇಲೆ ಕಾಫಿಯ ಡಬ್ಬಿ, ವಿನೆಗರ್ ಬಾಟಲಿ, ಹೊಗೆಯಾಡಿಸಿದ ಮೀನು, ಡಾಂಬರಿನ ವಾಸನೆಯ ಸಾಬೂನು ಸಾಲಾಗಿದ್ದವು. ಒಂದೊಂದನ್ನೇ ಮೂಗಿಗೆ ಹಿಡಿದು ನೀಲಿ ಪುಸ್ತಕದಲ್ಲಿ ಬರೆಯುತ್ತಿದ್ದಳು. ನನ್ನ ಕಡೆಗೆ ತಲೆಯೆತ್ತದೆ ಪುಸ್ತಕ ತಿರುಗಿಸಿ ತೋರಿಸಿದಳು. 'ಕಾಫಿ: ಇಲ್ಲ. ವಿನೆಗರ್: ಕಣ್ಣಲ್ಲಿ ನೀರು, ವಾಸನೆ ಇಲ್ಲ. ಮೀನು: ಇಲ್ಲ. ಸಾಬೂನು: ಇಲ್ಲ. ತೌನೋನ ಕೋಟು: ಇಲ್ಲ.'

ಎಷ್ಟು ತೊಳೆದರೂ ಹೋಗದ ಹುಳಿ ಹಾಲಿನ ವಾಸನೆ ಆ ಕೋಟಿಗಿತ್ತು. ನನಗೆ ನಿಂತಲ್ಲಿಂದಲೇ ಬರುತ್ತಿತ್ತು.

"ನಿನಗೆ ಬೇಜಾರಾಗಬಾರ್ದು ಅಂತ ಸುಮ್ನಿದ್ವಿ ಔನೆ," ಎಂದೆ.

"ಬೆಕ್ಕು ಇಣುಕಿದ್ದನ್ನೂ ನಾನು ಬರೆದಿಟ್ಟೆ," ಎಂದಳು. ದನಿ ಏರಲಿಲ್ಲ. "ಊರಿಗೆ ಊರೇ ಇದ್ರಿ. ಒಂದು ಮಾತು ಬರ್ಲಿಲ್ಲ ನಿಮ್ಮ ಬಾಯಿಂದ. ನಾನು ಮುದುಕಿ, ಸಾಯೋವರೆಗೆ ಹೇಗೋ ನುಂಗಿದ್ರಾಯ್ತು ಅಂತ ಅಲ್ವಾ?"

ನಾವು ಗೌರವವೆಂದುಕೊಂಡದ್ದು ಆಕೆಯ ಕೈಗೆ ತಲುಪುವಷ್ಟರಲ್ಲಿ ಇಷ್ಟು ಕೀಳಾಗಿತ್ತು. ಆಕೆ ಪುಸ್ತಕ ಮುಚ್ಚಿ ಹೇಳಿದಳು: "ಆ ಪರೀಕ್ಷೇಲಿ ಒಂದು ತಪ್ಪಾಗಿತ್ತಲ್ಲ. ಕಾಯಿಲೆ ಬಿದ್ರೆ ಹೇಳ್ಬೇಕು ಅನ್ನೋದು. ಯಾರಿಗೆ ಅಂತ ಅವತ್ತು ಪರೀಕ್ಷೆ ಮಾಡಿದ ಮೇಡಂನ ಕೇಳಿದ್ದೆ. ಯಾರಿಗಾದ್ರೂ ಅಂದಿದ್ಲು. ನಾನು ನಕ್ಕುಬಿಟ್ಟಿದ್ದೆ."

ಅಂದೇ ಔನೆ ರಿಂತಲಾನಿಗೆ ಕಾಗದ ಬರೆದಳು. ನಾನೇ ಅಂಚೆಗೆ ಹಾಕಿದೆ. ಅಡುಗೆಯವಳ ನಾಲಿಗೆ ಸತ್ತುಹೋದರೆ ಸ್ವಯಂನಿಗಾ ಹೇಗೆ ನಡೆಯಬೇಕು, ನಿಯಮದಲ್ಲಿ ದಾರಿಯಿದೆಯೇ, ಇಲ್ಲದಿದ್ದರೆ ಹೆಸರು ತೆಗೆದುಹಾಕಬೇಕು ಎಂಬುದು ಅದರ ಸಾರ. ಒಂದು ವಾರಕ್ಕೆ ಮುದ್ರೆಯೊತ್ತಿದ ಉತ್ತರ ಬಂತು. ಅದನ್ನು ಆಕೆ ಚೌಕಟ್ಟು ಹಾಕಿಸಿ ನಗುಮುಖದ ಕಾಗದದ ಪಕ್ಕ ತೂಗುಹಾಕಿದ್ದಾಳೆ: 'ಒಂದು, ಉಪ್ಪನ್ನು ತೂಗಿ ಹಾಕುವುದು. ಎರಡು, ರುಚಿಯನ್ನು ಇನ್ನೊಬ್ಬರು ನೋಡಬಹುದು, ತಡೆಯುವ ನಿಯಮವಿಲ್ಲ. ಕೈ ತೊಳೆದಿರಬೇಕು. ಬೇರೆ ಚಮಚ. ಮೂರು, ಹೆಸರು ತೆಗೆಯಲು ಕಾರಣ ಕಾಣುವುದಿಲ್ಲ.' ಸರಕಾರಿ ಕಾಗದವನ್ನು ಓದಿ ನನ್ನ ಕಣ್ಣು ತುಂಬಿದ್ದು ಆ ಒಂದು ಸಲ.

ಈಗ ನೀಲಿ ಪುಸ್ತಕದಲ್ಲಿ ಇನ್ನೊಂದು ಅಂಕಣವಿದೆ, ತಲೆಬರಹ 'ನಾಲಿಗೆ'. ಗುರುವಾರ ಬೆಳಿಗ್ಗೆ ಊರಿನ ಒಬ್ಬೊಬ್ಬರ ಸರದಿ. ಮೊದಲ ಸರದಿ ನನಗೆ ಬಂತು. ಬಾಗಿಲಲ್ಲಿ ಔನೆ ತೌನೋನ ಕೋಟನ್ನು ಎತ್ತಿಹಿಡಿದು ನಿಂತಿದ್ದಳು. ನಾನು ತೋಳು ತೂರಿಸಿದೆ, ಕೈ ತುದಿಯಲ್ಲಿ ಗಿಡ್ಡವಾಯಿತು. ಹೊರಗಿನಿಂದ ಬಾಗಿಲು ತಟ್ಟಲು ಹೇಳಿದಳು, ತಟ್ಟಿದೆ. "ಬನ್ನಿ ಬನ್ನಿ, ಕಾಲೊರೆಸ್ಕೊಂಡು ಬನ್ನಿ," ಎಂದಿತು ಒಳಗಿನ ದನಿ. ಲೋಟದಿಂದ ಬೆಳ್ಳಿ ಚಮಚ ತೆಗೆದುಕೊಂಡು ಗಂಜಿ ಬಾಯಿಗಿಟ್ಟೆ. ಪೆನ್ಸಿಲ್ ಹಿಡಿದು ಔನೆ ಕಾಯುತ್ತಿದ್ದಳು.

"ಪರವಾಗಿಲ್ಲ," ಎಂದೆ.

"ಪರವಾಗಿಲ್ಲ ಅನ್ನೋ ಅಳತೆ ಯಾವ ತಕ್ಕಡೀಲಿದೆ? ಹೆಚ್ಚೋ ಕಮ್ಮಿಯೋ?"

"ಈಗ ಅಷ್ಟೊಂದು ಏನಿಲ್ಲ..."

"ಈ ಕೋಟು ಹಾಕ್ಕೊಂಡು ಹಾಗೆಲ್ಲ ಮಾತಾಡ್ಬಾರ್ದು. ತೌನೋ ಎದ್ದು ಬರ್ತಾನೆ."

ಎಂಥ ಕಷ್ಟವಿತ್ತು ಆ ಒಂದು ಪದದಲ್ಲಿ! ಹತ್ತೊಂಬತ್ತು ವರ್ಷಗಳಲ್ಲಿ ಈ ಊರಿನ ಯಾರ ಮುಖಕ್ಕೂ ನಾನು ಅಂಥದ್ದನ್ನು ಹೇಳಿರಲಿಲ್ಲ. "ಕಮ್ಮಿ," ಎಂದೆ. "ಸಪ್ಪೆ. ನಿನ್ನ ಪೀರಕ್ಕದ ಹಾಗಿಲ್ಲ."

ಔನೆ ಬರೆದುಕೊಂಡಳು, ನನ್ನ ಹೆಸರಿನೊಂದಿಗೆ. ಮೂರು ಗ್ರಾಂ ತೂಗಿ ಹಾಕಿದಳು. ಎರಡನೆಯ ಚಮಚ, ಮೂರನೆಯ ಚಮಚ. ಐದನೆಯದಕ್ಕೆ, ಹಳೆಯ ಆ ರುಚಿ ನಾಲಿಗೆಯ ಮೇಲೆ ಬಂದು ಕೂತಾಗ, ನನಗೆ ಮಾತು ಬೇಕಾಗಲಿಲ್ಲ. ನನ್ನ ಮುಖ ನೋಡಿಯೇ ಆಕೆಗೆ ತಿಳಿಯಿತು. ಆದರೂ ಬಾಯಿಬಿಟ್ಟು ಹೇಳೆಂದಳು. ಹೇಳಿದೆ. ಔನೆ ಕಣ್ಣುಮುಚ್ಚಿ, ಮೊದಲು ಗಂಜಿಯನ್ನು ಆಲಿಸುತ್ತಿದ್ದ ಹಾಗೆಯೇ, ನನ್ನ ಮಾತನ್ನು ಆಲಿಸುತ್ತ ನಿಂತಳು.

ರೇಯ್ನೋಗೆ ನೇರ ಮಾತು ಇನ್ನೂ ಬಂದಿಲ್ಲ. "ಇವತ್ತು ಹವೆ ಒಣಗಿದೆ ಅಲ್ವಾ ಔನೆ" ಎಂದು ಆರಂಭಿಸುತ್ತಾನೆ, ಆಕೆ ಮೇಜು ಬಡಿದ ಮೇಲೆ ದಾರಿಗೆ ಬರುತ್ತಾನೆ. ಮಾರ್ಕೆತ್ತಾ ಮಾತ್ರ ಕೋಟು ತೊಟ್ಟದ್ದೇ ತಡ, ಕಟ್ಟಿಟ್ಟಿದ್ದ ನಾಲಿಗೆ ಬಿಚ್ಚಿ, ಪೀರಕ್ಕದಿಂದ ಶುರುವಾಗಿ ಪರದೆಯ ಬಣ್ಣದವರೆಗೆ ದೋಷ ಹೇಳಿ ಹೋಗುತ್ತಾಳೆ. ಔನೆ ಅದನ್ನೂ ಬರೆದುಕೊಳ್ಳುತ್ತಾಳೆ. ಬೆಂದದ್ದರಲ್ಲಿ ಒಂದನ್ನು ತಾನೂ ತಿನ್ನುತ್ತಾಳೆ, ಏನೂ ತಿಳಿಯದೆ, ನಿಧಾನವಾಗಿ, ಅಂದಿನ ನಾಲಿಗೆಯವರು ಹೇಳಿದ್ದನ್ನು ಮನಸ್ಸಿನಲ್ಲಿ ಅಗಿಯುತ್ತ.

ತನ್ನ ಮೇಲೆ ತಾನೇ ಕಣ್ಣಿಟ್ಟು ಬದುಕುವವರು ಊರಿಗೊಬ್ಬರೋ ಇಬ್ಬರೋ ಇರುತ್ತಾರೆ. ಅವರನ್ನು ಕಂಡರೆ ನಮಗೆ ಸ್ವಲ್ಪ ನಗು, ಬಹಳ ಗೌರವ, ಮತ್ತು ಒಂದು ಬಗೆಯ ಸೋಮಾರಿ ನೆಮ್ಮದಿ. ಅವರ ತಪ್ಪು ಅವರಿಗೇ ಕಂಡೀತು, ನಾವೇಕೆ ಬಾಯಿಬಿಡಬೇಕು ಎಂದುಕೊಳ್ಳುತ್ತೇವೆ. ಆದರೆ ಎಂಥ ಎಚ್ಚರದ ಕಣ್ಣಿಗೂ ತನ್ನ ಬೆನ್ನು ಕಾಣುವುದಿಲ್ಲ. ನಾಲಿಗೆ ಕೆಟ್ಟದ್ದನ್ನು ಆ ನಾಲಿಗೆಯೇ ಹೇಳಲಾರದು. ಇಂಥವರು ನಮ್ಮಿಂದ ಬಯಸುವುದು ಹೊಗಳಿಕೆಯನ್ನೂ ಅಲ್ಲ, ಕನಿಕರವನ್ನಂತೂ ಅಲ್ಲವೇ ಅಲ್ಲ. ಅವರು ಬಾಗಿಲು ತೆರೆದಿಟ್ಟಾಗ ಕೈ ತೊಳೆದುಕೊಂಡು ಹೋಗಿ, ಬೇರೆ ಚಮಚದಲ್ಲಿ ರುಚಿ ನೋಡಿ, ಇದ್ದದ್ದನ್ನು ಇದ್ದ ಹಾಗೆ ಹೇಳಿ ಬಂದರೆ ಅವರಿಗೆ ಸಲ್ಲಬೇಕಾದ ಮರ್ಯಾದೆ ಸಂದಂತೆ.